ಸೂಜಿಯ ಮೂರನೇ ತುಂಡು

ಹೊಲಿಗೆ ಮಿಷನ್ನಿನ ಸೂಜಿ ಮುರಿಯುವುದು ಮನೆಯಲ್ಲಿ ದೊಡ್ಡ ಸುದ್ದಿಯಲ್ಲ. ಮುರಿದದ್ದನ್ನು ಎಸೆದು ಹೊಸದನ್ನು ಸಿಕ್ಕಿಸಿಕೊಂಡರೆ ಮುಗಿಯಿತು. ಆದರೆ ನಾನು ಕೆಲಸಕ್ಕಿದ್ದ ಗಾರ್ಮೆಂಟ್ಸಿನಲ್ಲಿ, ಅದರಲ್ಲೂ ಮಕ್ಕಳ ಶರ್ಟು ಹೊಲಿಯುವ ಲೈನಿನಲ್ಲಿ, ಒಂದು ಸೂಜಿ ಮುರಿದರೆ ಮನುಷ್ಯರು ತಲೆ ತಿರುಗಿ ಬಿದ್ದಷ್ಟು ಗಾಬರಿಯಾಗುತ್ತಿತ್ತು. ಹೀಗೆ ಬರೆದು ಮತ್ತೊಮ್ಮೆ ಓದಿಕೊಂಡೆ. ತಪ್ಪು ಬರೆದಿದ್ದೇನೆ. ಮನುಷ್ಯರು ತಲೆ ತಿರುಗಿ ಬಿದ್ದರೆ ಅಷ್ಟೊಂದು ಗಾಬರಿಯೇನೂ ಆಗುತ್ತಿರಲಿಲ್ಲ. ಪಕ್ಕದವಳು ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು, ಲೈನು ಓಡುತ್ತಲೇ ಇರುತ್ತಿತ್ತು.

ಕಾರ್ಖಾನೆ ಕೊಳ್ಳೇಗಾಲದ ಹೊರಗಿತ್ತು. ನಾನು ಯಳಂದೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಮೆಕ್ಯಾನಿಕ್. ಮಿಷನ್ ರಿಪೇರಿಯ ಜೊತೆಗೆ ಸೂಜಿಗಳ ಜವಾಬ್ದಾರಿಯೂ ನನ್ನದೇ. ಹಳೆಯ ಸೂಜಿ ಕೊಡದೆ ಯಾರಿಗೂ ಹೊಸ ಸೂಜಿ ಇಲ್ಲ. ಸೂಜಿ ಮುರಿದ ಕೂಡಲೇ ಹೊಲಿಯುವವಳು ಮಿಷನ್ ನಿಲ್ಲಿಸಿ ಕೈ ಎತ್ತಬೇಕು. ನಾನು ಟ್ರೇ, ಅಯಸ್ಕಾಂತ, ರಿಜಿಸ್ಟರ್ ಹಿಡಿದು ಓಡಬೇಕು. ತುಂಡುಗಳನ್ನೆಲ್ಲ ಹುಡುಕಿ, ಹೊಸ ಸೂಜಿಯೊಂದರ ಪಕ್ಕದಲ್ಲಿ ಜೋಡಿಸಿ, ಅಳತೆ ಸರಿಯಿದೆಯೆಂದು ನೋಡಿ, ರಿಜಿಸ್ಟರಿನ ಹಾಳೆಯ ಮೇಲೆ ಪಾರದರ್ಶಕ ಟೇಪಿನಲ್ಲಿ ಅಂಟಿಸಬೇಕು. ಪಕ್ಕದಲ್ಲಿ ಮಿಷನ್ ನಂಬರು, ಸಮಯ, ಯಾವ ಬಟ್ಟೆ, ಎಷ್ಟು ತುಂಡು, ಎಲ್ಲ ಸಿಕ್ಕವೋ ಇಲ್ಲವೋ, ನನ್ನ ಸಹಿ, ಫ್ಲೋರ್ ಇನ್‌ಚಾರ್ಜ್ ಸಹಿ. ಒಂದು ಚೂರು ಸಿಗದಿದ್ದರೂ ಆ ಮಿಷನ್ನಿನ ಸುತ್ತ ಇದ್ದ ಶರ್ಟುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ, ಸೀಲ್ ಮಾಡಿ ಪಕ್ಕಕ್ಕಿಡಬೇಕು. ಚೂರು ಸಿಗುವವರೆಗೆ ಅವು ಹೊರಡುವಂತಿಲ್ಲ. ಸಿಗದೇ ಹೋದರೆ ಕತ್ತರಿಸಿ ಹಾಕಬೇಕು.

ಇದೆಲ್ಲ ಶರ್ಟು ಕೊಳ್ಳುವವರಿಗಾಗಿ. ನಾವು ಎಂದೂ ಕಾಣದ ಊರಿನಲ್ಲಿ ಒಬ್ಬ ತಾಯಿ ಆ ಶರ್ಟನ್ನು ಮಗುವಿಗೆ ತೊಡಿಸುವಾಗ ಸೂಜಿಯ ಚೂರು ಮಗುವಿನ ಕುತ್ತಿಗೆಗೆ ಚುಚ್ಚಬಾರದು. ಈ ನಿಯಮದ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಒಳ್ಳೆಯ ನಿಯಮ. ಅದರ ಸಲುವಾಗಿ ಗೇಟಿನಲ್ಲೇ ಹೆಂಗಸರ ಸೀರೆಯ ಪಿನ್ನು, ತಲೆಯ ಪಿನ್ನು ಎಲ್ಲವನ್ನೂ ತೆಗೆಸುತ್ತಿದ್ದರು. ಹನೂರು ಕಡೆಯಿಂದ ವ್ಯಾನಿನಲ್ಲಿ ಬರುವವರು ಸೆರಗನ್ನು ಕುಪ್ಪಸಕ್ಕೆ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿಕೊಂಡೇ ಮನೆ ಬಿಡುತ್ತಿದ್ದರು. ಸಂಜೆ ಹೋಗಿ ಹಲ್ಲಿನಲ್ಲಿ ಕಚ್ಚಿ ಬಿಡಿಸಿಕೊಳ್ಳುತ್ತಿದ್ದರು.

ನಿಯಮ ಇದ್ದಲ್ಲಿ ಅದನ್ನು ದಾಟುವ ಕಳ್ಳದಾರಿಯೂ ಇರುತ್ತದೆ. ನನ್ನ ಡ್ರಾಯರಿನಲ್ಲಿ ತಲೆನೋವಿನ ಮುಲಾಮಿನ ಹಳೆಯ ಡಬ್ಬಿಯೊಂದಿತ್ತು. ಅದರ ತುಂಬ ಎಂದೋ ಮುರಿದ ಸೂಜಿಗಳ ಮೊನೆಗಳು. ನನಗಿಂತ ಮೊದಲಿದ್ದ ಮೆಕ್ಯಾನಿಕ್ ಕೆಲಸ ಬಿಡುವ ದಿನ ಅದನ್ನು ನನ್ನ ಕೈಗಿಟ್ಟು, "ಇಟ್ಕ, ಕಷ್ಟಕಾಲಕ್ಕಾಯ್ತದ" ಎಂದಿದ್ದ. ಮೊನೆ ಮಿಷನ್ನಿನ ಎಣ್ಣೆಯೊಳಗೆ ಬಿದ್ದು ಹೋದಾಗ, ಇತ್ತ ಲಾರಿ ಬಂದು ನಿಂತಾಗ, ಡಬ್ಬಿಯಿಂದ ಒಂದನ್ನು ತೆಗೆದು ಅಂಟಿಸಿದರೆ ಹಾಳೆ ಭರ್ತಿಯಾಗುತ್ತಿತ್ತು. ಹೇಗೂ ಕೊನೆಯಲ್ಲಿ ಪ್ರತಿ ಶರ್ಟೂ ಲೋಹ ಪತ್ತೆ ಮಾಡುವ ಡಿಟೆಕ್ಟರಿನೊಳಗೆ ಹಾದುಹೋಗುತ್ತದೆ, ಚೂರು ಇದ್ದರೆ ಅದೇ ಕೂಗುತ್ತದೆ ಎಂಬುದು ನಮ್ಮ ಸಮಾಧಾನ. ನಾಲ್ಕೈದು ಸಲ ಹಾಗೆ ಮಾಡಿದ್ದೆ. ನಿದ್ದೆಗೇನೂ ತೊಂದರೆಯಾಗಿರಲಿಲ್ಲ.

ಅದೊಂದು ಮಂಗಳವಾರ, ಊಟದ ಬೆಲ್ಲಿಗೆ ಇನ್ನೂ ಅರ್ಧ ಗಂಟೆ ಇರುವಾಗ ಹದಿನೇಳನೇ ಮಿಷನ್ನಿನಿಂದ ಕೈ ಮೇಲೆದ್ದಿತು. ಅಲ್ಲಿ ಕೂರುತ್ತಿದ್ದವಳು ರಾಮಾಪುರದಾಕೆ. ನಲವತ್ತರ ಆಸುಪಾಸು. ಇಬ್ಬರು ಹೆಣ್ಣುಮಕ್ಕಳ ತಾಯಿ. ದಾರದ ತುದಿ ಕತ್ತರಿಸುವ ಟ್ರಿಮ್ಮಿಂಗ್ ಟೇಬಲ್ಲಿನಲ್ಲಿ ಎರಡು ವರ್ಷ ನಿಂತೇ ಕೆಲಸ ಮಾಡಿ, ಊಟದ ಹೊತ್ತಿನಲ್ಲಿ ಬೇರೆಯವರ ಮಿಷನ್ನಿನ ಮೇಲೆ ಚಿಂದಿ ಬಟ್ಟೆ ಹೊಲಿದು ಕಲಿತು, ಕೊನೆಗೆ ತೋಳಿನ ಕಫ್ ಹೊಲಿಯುವ ಮಿಷನ್ ಸಂಪಾದಿಸಿಕೊಂಡಿದ್ದಳು. ಆ ಸ್ಟೂಲಿನ ಮೇಲೆ ಅವಳು ಕೂರುತ್ತಿದ್ದ ರೀತಿ ನೋಡಿದರೆ ಸಾಕು, ಅದು ಅವಳಿಗೆ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತಿತ್ತು. ಬಲು ಚುರುಕು. ನನ್ನನ್ನು ಅಣ್ಣ ಎನ್ನುತ್ತಿದ್ದಳು.

ಸೂಜಿ ಮೂರು ತುಂಡಾಗಿತ್ತು. ಬುಡ ಮಿಷನ್ನಿನಲ್ಲೇ ಕಚ್ಚಿಕೊಂಡಿತ್ತು. ನಡುವಿನ ತುಂಡು ಕೆಳದಾರ ಸುತ್ತಿದ ಬಾಬಿನ್ ಪಕ್ಕದಲ್ಲಿ ಸಿಕ್ಕಿತು. ಮೊನೆ ಇಲ್ಲ.

"ಅಣ್ಣ, ಮೊನೆ ಕಾಣ್ತಿಲ್ಲ," ಎಂದಳು. ಎಡಗೈ ಏಪ್ರನ್ ಜೇಬಿನೊಳಗಿತ್ತು. ಮುಖ ಬೆವೆತಿತ್ತು. ಅದನ್ನೆಲ್ಲ ನೋಡಿದೆ, ಏನೂ ಕೇಳಲಿಲ್ಲ. ನಮ್ಮಲ್ಲಿ ಗಂಡಸು ಮೆಕ್ಯಾನಿಕ್ ಹೆಂಗಸರ ಕೈ ಹಿಡಿದು ನೋಡುವ ಪದ್ಧತಿಯಿಲ್ಲ. ತುಂಡನ್ನು ಕೂಡ ಅವರು ಟ್ರೇಯೊಳಗೆ ಹಾಕುತ್ತಾರೆ, ನಾವು ಟ್ರೇಯಿಂದ ತೆಗೆದುಕೊಳ್ಳುತ್ತೇವೆ.

ನೆಲದ ಮೇಲೆ ಅಯಸ್ಕಾಂತ ಆಡಿಸಿದೆ. ಅಕ್ಕಪಕ್ಕದ ನಾಲ್ಕು ಜನ ಎದ್ದು ನಿಂತು ಒಂದೊಂದೇ ಶರ್ಟನ್ನು ಕೊಡವಿ, ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದರು. ಸುತ್ತಲಿದ್ದ ಅರವತ್ತು ಶರ್ಟುಗಳನ್ನೂ ಡಿಟೆಕ್ಟರಿನೊಳಗೆ ಎರಡು ಸಲ ಹಾಯಿಸಿದೆವು. ಅದು ತುಟಿ ಬಿಚ್ಚಲಿಲ್ಲ. ಅಷ್ಟರಲ್ಲಿ ಫ್ಲೋರ್ ಇನ್‌ಚಾರ್ಜ್ ಬಂದ. ಕೊಳ್ಳೇಗಾಲದವನೇ. ಅವನ ತಲೆಯ ಮೇಲೂ ಟಾರ್ಗೆಟ್ ಕೂತಿತ್ತು.

"ಇನ್ನೂ ಎಷ್ಟೊತ್ತಪ್ಪ? ಗುರುವಾರ ಲೋಡ್ ಆಗ್ಬೇಕು. ಅರವತ್ತು ಪೀಸ್ ಸೀಲ್ ಮಾಡಿ ಕೂರಿಸುದ್ರೆ ನಾನೇನ್ ಮನೇಲಿ ಕೂತ್ಕಂಡು ಒಲ್ಕೊಡ್ಲಾ?" ಎಂದ. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿ, "ನಿನ್ ಡಬ್ಬಿ ಎಲ್ಲೋಯ್ತು?" ಎಂದು ಕೇಳಿದ.

ಡ್ರಾಯರ್ ಎಳೆದು ಒಂದು ಮೊನೆ ತೆಗೆದು ಅಂಟಿಸಿದೆ. 'ಮೂರೂ ತುಂಡು ಸಿಕ್ಕಿವೆ' ಎಂದು ಬರೆದು ಸಹಿ ಹಾಕಿದೆ. ಅವನೂ ಹಾಕಿದ. ರಾಮಾಪುರದಾಕೆಗೆ ಹೊಸ ಸೂಜಿ ಕೊಟ್ಟೆ. ಅವಳು ಬಲಗೈಯೊಂದರಲ್ಲೇ ದಾರ ಪೋಣಿಸಲು ಹೆಣಗಾಡುತ್ತಿದ್ದಳು. ನಾನೇ ಪೋಣಿಸಿಕೊಟ್ಟೆ.

ಮಧ್ಯಾಹ್ನ, ಹೊಲಿದದ್ದನ್ನು ಪರೀಕ್ಷಿಸುವ ಚೆಕ್ಕರ್ ಒಬ್ಬಳು ಒಂದು ಕಫ್ಫಿನ ಮೇಲೆ ಸಾಸಿವೆಯಷ್ಟು ರಕ್ತದ ಕಲೆ ತೋರಿಸಿದಳು. ಕಲೆ ತೆಗೆಯುವ ದ್ರಾವಣವನ್ನು ಅದಕ್ಕೆ ಚಿಮ್ಮಿಸಿ ಒರೆಸಿದರು. ಕಲೆ ಹೋಯಿತಾ ಎಂದು ಇನ್‌ಚಾರ್ಜ್ ಕೇಳಿದ, ಹೋಯಿತು ಎಂದು ಅವಳು ಹೇಳಿದಳು, ನಾನು ಅಲ್ಲೇ ನಿಂತಿದ್ದೆ. ಯಾರ ರಕ್ತ ಎಂದು ಒಬ್ಬರೂ ಕೇಳಲಿಲ್ಲ. ನನಗೆ ಹೊಳೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಹೊಳೆದದ್ದನ್ನು ಹಾಗೇ ಪಕ್ಕಕ್ಕೆ ಸರಿಸಿ ಬೇರೊಂದು ಮಿಷನ್ನಿನ ಬೆಲ್ಟ್ ಬದಲಿಸಲು ಹೋದೆ.

ಗುರುವಾರ ಶರ್ಟುಗಳು ಲಾರಿ ಹತ್ತಿದವು. ಶುಕ್ರವಾರ ಅವಳು ನನ್ನನ್ನು ಕರೆದು, "ಅಣ್ಣ, ಒಸಿ ಮಿಷಿನ್ ಸ್ಪೀಡು ಕಮ್ಮಿ ಮಾಡ್ಕೊಡು" ಎಂದಳು. ಎಡಗೈಯ ತೋರುಬೆರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು, ಮಿಕ್ಕ ಬೆರಳುಗಳಲ್ಲಿ ಬಟ್ಟೆ ನೂಕುತ್ತಿದ್ದಳು. ಕಮ್ಮಿ ಮಾಡಿಕೊಟ್ಟೆ. ಅವತ್ತು ಅವಳ ಮುಂದೆ ಕಫ್ಫುಗಳ ರಾಶಿ ಬಿದ್ದು, ಇನ್‌ಚಾರ್ಜ್ ಬಾಯಿಗೆ ಬಂದಂತೆ ಬೈದ.

ಸೋಮವಾರ ಅವಳ ಕಣ್ಣು ಕೆಂಪಾಗಿತ್ತು. ಮೈ ಬಿಸಿಯಿದೆಯೆಂದು ಪಕ್ಕದವಳು ಹೇಳಿದಳು. ಬಟ್ಟೆ ಜಾರಿದಾಗ ಬೆರಳು ಕಂಡಿತು. ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

"ಏನವ್ವ ಅದು?"

"ಜಾಲಿ ಮುಳ್ಳು ಕಣಣ್ಣ. ಸೌದೆ ಮುರಿವಾಗ ಚುಚ್ಕತು."

"ಯಾವತ್ತು?"

ಅವಳು ಕಫ್ಫನ್ನು ಸೂಜಿಯ ಕೆಳಗೆ ತಳ್ಳಿದಳು.

"ಊಟದ ಬೆಲ್ ಆದ್ಮೇಲೆ ಪ್ಯಾಕಿಂಗ್ ತಾವ್ಕೆ ಬಾ," ಎಂದೆ.

ಪ್ಯಾಕಿಂಗಿನಲ್ಲಿ ದೊಡ್ಡ ಡಿಟೆಕ್ಟರಿನ ಜೊತೆಗೆ ಮೇಜಿನ ಮೇಲಿಡುವ ಚಿಕ್ಕದೊಂದಿತ್ತು. ಶಾಲೆಯ ಸ್ಲೇಟಿನಷ್ಟಗಲದ ಹಲಗೆ. ಅನುಮಾನ ಬಂದ ಬಟ್ಟೆಯನ್ನು ಅದರ ಮೇಲೆ ಸವರಿದರೆ ಚೂರು ಎಲ್ಲಿದೆಯೆಂದು ತಿಳಿಯುತ್ತದೆ. ಎಲ್ಲರೂ ಬುತ್ತಿ ಬಿಚ್ಚಲು ಹೋಗಿದ್ದರು. ಅವಳ ಕೈಯಲ್ಲಿ ಗಾಜಿನ ಬಳೆ ಬಿಟ್ಟರೆ ಬೇರೇನೂ ಇರಲಿಲ್ಲ, ಲೋಹ ತೊಟ್ಟು ಒಳಗೆ ಬರುವಂತೆಯೇ ಇರಲಿಲ್ಲವಲ್ಲ. ಕೈ ಇಡು ಎಂದೆ. ಬಲಗೈ ಇಟ್ಟಳು. ಹಲಗೆ ಸುಮ್ಮನಿತ್ತು. ಆ ಕೈಯಲ್ಲ ಎಂದೆ. ಬೇಡ ಅಣ್ಣ ಎಂದಳು. ನಾನು ಹಲಗೆಯನ್ನು ಅವಳ ಕಡೆಗೆ ಸರಿಸಿದೆ. ಕೊನೆಗೆ ಎಡಗೈ ಇಟ್ಟಳು. ಕೆಂಪು ದೀಪ ಹತ್ತಿ ಅದು ಕಿರುಚಿಕೊಂಡಿತು. ನಾನು ಆ ಸದ್ದನ್ನು ಎಷ್ಟೋ ಸಲ ಕೇಳಿದ್ದೇನೆ, ಬಟ್ಟೆಯಿಂದ. ಮೈಯಿಂದ ಕೇಳಿದ್ದು ಅದೇ ಮೊದಲು.

ಅವಳು ಕೈ ಎಳೆದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಯಾರ್ಗೂ ಯೋಳ್ಬ್ಯಾಡ ಅಣ್ಣ. ಈ ತಿಂಗ್ಳು ಇದು ಮೂರನೇದು. ಬೆಟ್ಟಿಗೆ ಚುಚ್ಚಿ ಮುರೀತು ಅಂದ್ರೆ ಕೆಲ್ಸ ಬರಲ್ಲ ಅಂತ ಟ್ರಿಮ್ಮಿಂಗ್‌ಗೆ ಆಕ್ಬುಡ್ತರೆ. ಆಮೇಲೆ ಮಿಷಿನ್ ಕೊಡಲ್ಲ."

ಅದು ನಿಜ. ತಿಂಗಳಲ್ಲಿ ಮೂರು ಸೂಜಿಯನ್ನು ತಮ್ಮ ಕೈತಪ್ಪಿನಿಂದ ಮುರಿದವರನ್ನು ಮತ್ತೆ ದಾರ ಕತ್ತರಿಸಲು ಕಳಿಸುವುದು ಎಲ್ಲೂ ಬರೆಯದ ಪದ್ಧತಿ; ತಾನಾಗಿ ಮುರಿದದ್ದು ಲೆಕ್ಕಕ್ಕಿಲ್ಲ. ಅವಳಿಗೆ ಸೂಜಿ ಚುಚ್ಚಲು ಕಾರಣವೂ ನನಗೆ ಗೊತ್ತಿತ್ತು. ಬೆರಳು ಒಳಗೆ ಹೋಗದಂತೆ ಸೂಜಿಯ ಮುಂದೆ ತಂತಿಯ ತಡೆಯೊಂದು ಇರುತ್ತದೆ. ಕಫ್ ತಿರುಗಿಸಲು ಅಡ್ಡವಾಗುತ್ತದೆ, ಪೀಸ್ ಕಮ್ಮಿಯಾಗುತ್ತದೆ ಎಂದು ಇನ್‌ಚಾರ್ಜ್ ಹೇಳಿದ್ದಕ್ಕೆ ಆ ಸಾಲಿನ ತಡೆಗಳನ್ನೆಲ್ಲ ಬಿಚ್ಚಿಟ್ಟವನು ನಾನೇ. ತಪಾಸಣೆಯ ದಿನ ಬೆಳಿಗ್ಗೆ ಮತ್ತೆ ಹಾಕುತ್ತಿದ್ದೆ. ಅವಳು ಹೆದರಿಕೆಗೆ ಮುಳ್ಳು ಎಂದಳು, ನಾನು ಅವಸರಕ್ಕೆ ಮೊನೆ ಅಂಟಿಸಿದೆ. ಎರಡು ಸುಳ್ಳೂ ಒಂದಕ್ಕೊಂದು ಹೇಳಿ ಮಾಡಿಸಿದಂತೆ ಕೂತಿದ್ದವು.

ಆಸ್ಪತ್ರೆಗೆ ಬರಲು ಅವಳನ್ನು ಹೇಗೋ ಒಪ್ಪಿಸಿ ಮರುದಿನ ರಜೆ ಹಾಕಿದೆ. ರಾಮಾಪುರದಿಂದ ಬರುವ ದಾರಿಯಲ್ಲೇ ಕಾಮಗೆರೆಯ ಆಸ್ಪತ್ರೆ. ಅವಳು ವ್ಯಾನಿನಿಂದ ಅಲ್ಲೇ ಇಳಿದಳು, ನಾನು ಕೊಳ್ಳೇಗಾಲದಿಂದ ಬಸ್ಸು ಹಿಡಿದು ಹೋದೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು.

"ಎಷ್ಟು ದಿನ ಆಯ್ತು?" ಎಂದು ಡಾಕ್ಟರ್ ಕೇಳಿದರು.

"ಒಂದ್ ವಾರ ಸಾ. ಮುಳ್ಳು."

ಡಾಕ್ಟರ್ ಫಿಲಂ ಅನ್ನು ಬೆಳಕಿಗೆ ಹಿಡಿದರು. ಮೂಳೆಯ ಪಕ್ಕದಲ್ಲಿ ಬೆಳ್ಳಗೆ, ಚೂಪಾಗಿ, ಅಕ್ಕಿನುಚ್ಚಿನಷ್ಟು. "ಮುಳ್ಳು ಹೀಗೆ ಕಾಣಲ್ಲಮ್ಮ. ಇದು ಲೋಹ," ಎಂದರು. ನನ್ನ ಕಡೆ ತಿರುಗಿ, "ನೀವು ಯಾರು?" ಎಂದರು.

"ಒಟ್ಗೆ ಕೆಲ್ಸ ಮಾಡೋರು ಸಾ."

"ಹಾಗಾದ್ರೆ ನಿಮಗೆ ಗೊತ್ತಿರುತ್ತೆ."

ಅವರು ಚೀಟಿ ಬರೆದುಕೊಟ್ಟರು. ಕೀವು ಮೂಳೆಗೆ ಮುಟ್ಟಿದೆ, ತಡ ಮಾಡದೆ ಮೈಸೂರಿಗೆ ಹೋಗಿ, ಬೆರಳು ಉಳಿಯಬೇಕಾದರೆ ಒಂದೊಂದು ದಿನವೂ ಮುಖ್ಯ ಎಂದರು. ಕೆಲಸದಲ್ಲಿ ಆದ ಗಾಯವಾದರೆ ಸರ್ಕಾರದ ಕಾರ್ಮಿಕ ವಿಮೆ ಇ.ಎಸ್.ಐ.ಗೆ ಕಾರ್ಖಾನೆಯಿಂದ ಅಪಘಾತದ ವರದಿ ಬೇಕು, ಅದನ್ನು ಇವತ್ತೇ ಮಾಡಿಸಿ ಎಂದೂ ಹೇಳಿದರು.

ಮಧ್ಯಾಹ್ನವೇ ಇಬ್ಬರೂ ಕಾರ್ಖಾನೆಗೆ ಹೋದೆವು. ಅವಳನ್ನು ಗೇಟಿನ ಬೆಂಚಿನ ಮೇಲೆ ಕೂರಿಸಿ ನಾನು ಮ್ಯಾನೇಜರ್ ಮುಂದೆ ಫಿಲಂ ಇಟ್ಟೆ. ಅವರು ರಿಜಿಸ್ಟರ್ ತರಿಸಿದರು. ಪುಟ ತೆರೆದು ನನ್ನ ಸಹಿಯ ಮೇಲೆ ಬೆರಳಿಟ್ಟರು.

"ಮೂರೂ ಪೀಸ್ ಸಿಕ್ಕಿದೆ ಅಂತ ನೀವೇ ಬರೆದಿದೀರ. ಮತ್ತೆ ಆಯಮ್ಮನ ಬೆರಳಲ್ಲಿ ಇರೋದು ಯಾವ ಸೂಜಿ? ಮನೇಲಿ ಮಿಷಿನ್ ಇರುತ್ತೆ, ಅಲ್ಲೇ ಚುಚ್ಕೊಂಡಿರ್ತಾರೆ. ಮುಳ್ಳು ಅಂತ ಅವರೇ ಎಲ್ಲರ ಹತ್ರ ಹೇಳ್ಕೊಂಡು ಬಂದಿದಾರಲ್ಲ."

ಅವರು ಕೆಟ್ಟ ಮನುಷ್ಯನಲ್ಲ. ಫಿಲಂ ಅನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿ ಹೇಳಿದರು: "ನೋಡಿ, ಗುರುವಾರ ಬೈಯರ್ ಕಡೆಯವರು ತಪಾಸಣೆಗೆ ಬರ್ತಿದಾರೆ. ಆ ಶರ್ಟೆಲ್ಲ ಹೋಗಿ ಆಗಿದೆ. ಮೈಸೂರಲ್ಲಿ ಟ್ರೀಟ್‌ಮೆಂಟ್ ನಾವೇ ಕೊಡಿಸ್ತೀವಿ. ಗಾಯ ಮನೇಲಿ ಆಗಿದ್ದು ಅಂತ ಒಂದು ಪೇಪರಿಗೆ ಸೈನ್ ಹಾಕಿಸ್ಕೊಂಡು ಬನ್ನಿ, ಸಾಕು. ರಿಜಿಸ್ಟರ್ ತಂಟೆಗೆ ಹೋಗ್ಬೇಡಿ."

ನನ್ನ ಎದೆಯ ಭಾರ ಇಳಿಯಿತು. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, ಖುಷಿಯಾಯಿತು. ಅವಳಿಗೆ ಔಷಧಿ ಸಿಗುತ್ತದೆ, ನನ್ನ ಸುಳ್ಳು ಟೇಪಿನ ಕೆಳಗೆ ತಣ್ಣಗೆ ಇರುತ್ತದೆ. ಟೈಪ್ ಮಾಡಿದ ಕಾಗದ ಹಿಡಿದು ಗೇಟಿಗೆ ಬಂದೆ.

ಅವಳು ನಿಧಾನವಾಗಿ ಅಕ್ಷರ ಕೂಡಿಸಿಕೊಂಡು ಓದಿದಳು. ಮತ್ತೊಮ್ಮೆ ಓದಿದಳು. ಪೆನ್ನು ಮುಟ್ಟಲಿಲ್ಲ.

"ಬಾಯಲ್ಲಿ ಮುಳ್ಳು ಅಂದೆ ಕಣಣ್ಣ, ಎದ್ರುಕಂಡು ಅಂದೆ. ಇದ್ಕ ಸೈನ್ ಆಕುದ್ರ ನಾನೇ ಮನ್ಲಿ ಬೆಟ್ಟು ಕಳ್ಕಂಡೆ ಅಂತ ಆಯ್ತದ. ನಾಳ ಬೆಟ್ಟು ಕುಯ್ದಾಕುದ್ರ, ಬೆಟ್ಟಿಲ್ದವ್ಳು ನಮ್ಗ ಬ್ಯಾಡ ಅಂದ್ರ, ನಾನ್ ಯಾರ್ನ ಕೇಳಾನ? ನನ್ ಕೈಲೇ ಬರ್ಸ್ಕಂಡಿರ್ತರಲ್ಲ."

ನಾನು ಕಾಗದವನ್ನು ವಾಪಸು ತೆಗೆದುಕೊಂಡೆ.

"ನೀ ಬರ್ದಿರದ ಅಳ್ಸಕ್ಕಾಗಲ್ವಾ?"

"ಅಳ್ಸಕ್ಕಾಗಲ್ಲ ಕಣವ್ವ. ಅದ್ರ ಕೆಳಕ್ಕ ಬರೀಬೋದು."

"ಬರುದ್ರ ನಿನ್ ಕೆಲ್ಸ ಇರ್ತದಾ?"

"ಯಳಂದೂರಲ್ಲಿ ಮಿಷಿನ್ ರಿಪೇರಿ ಮಾಡ್ಕಂಡು ಇರ್ತೀನಿ ಬುಡು," ಎಂದೆ. ಮ್ಯಾನೇಜರ್ ಕೋಣೆಯವರೆಗಿನ ದಾರಿ ಅವತ್ತು ಉದ್ದವಾಗಿತ್ತು.

ಸಹಿಯಿಲ್ಲದ ಕಾಗದವನ್ನು ಅವರ ಮೇಜಿನ ಮೇಲಿಟ್ಟು, ರಿಜಿಸ್ಟರ್ ಎಳೆದುಕೊಂಡೆ. ಜೇಬಿನಿಂದ ಅದೇ ನಂಬರಿನ ಹೊಸ ಸೂಜಿ ತೆಗೆದು ಟೇಪಿನ ಪಕ್ಕದಲ್ಲಿ ಮಲಗಿಸಿದೆ, ಸ್ಕೇಲ್ ಇಟ್ಟೆ. ಅಂಟಿಸಿದ ಮೂರು ತುಂಡುಗಳನ್ನು ಕೂಡಿಸಿದರೆ ಇಡೀ ಸೂಜಿಗಿಂತ ಎರಡು ಮಿಲಿಮೀಟರ್ ಉದ್ದವಾಗುತ್ತಿತ್ತು. ಮುರಿದ ಮೇಲೆ ಸೂಜಿ ಬೆಳೆದಿತ್ತು! ಅವಸರದಲ್ಲಿ ಡಬ್ಬಿಯಿಂದ ತೆಗೆದದ್ದು ಬೇರೆ ಯಾವುದೋ ಉದ್ದನೆಯ ಮೊನೆ. ಸಹಿ ಹಾಕಿದ ಇಬ್ಬರೂ ಅಳೆದಿರಲಿಲ್ಲ.

"ಇಲ್ನೋಡಿ ಸಾ," ಎಂದು ತೋರಿಸಿ, ಕೆಂಪು ಪೆನ್ನಿನಲ್ಲಿ ಕೆಳಗೆ ಬರೆದೆ: 'ಇಲ್ಲಿ ಅಂಟಿಸಿರುವ ಮೂರನೇ ತುಂಡು ಈ ಸೂಜಿಯದಲ್ಲ. ಹಳೆಯ ಮೊನೆಯನ್ನು ನಾನೇ ಅಂಟಿಸಿದ್ದೇನೆ. ನಿಜವಾದ ಮೊನೆ ಹದಿನೇಳನೇ ಮಿಷನ್ನಿನಲ್ಲಿ ಹೊಲಿಯುತ್ತಿದ್ದ ಕೆಲಸಗಾರ್ತಿಯ ಎಡಗೈ ತೋರುಬೆರಳಿನಲ್ಲಿದೆ. ಮಿಷನ್ನಿಗೆ ಬೆರಳಿನ ತಡೆ ಇರಲಿಲ್ಲ. ತಡೆ ಬಿಚ್ಚಿದವನೂ ನಾನೇ.' ಸಹಿ ಹಾಕಿ ತಾರೀಖು ಹಾಕಿದೆ. ಡಾಕ್ಟರ್ ಬರೆದುಕೊಟ್ಟ ಚೀಟಿಯ ಜೆರಾಕ್ಸ್ ಅಂಟಿಸಿದೆ.

ಮ್ಯಾನೇಜರ್ ಪುಟದ ಅಂಚನ್ನು ಬೆರಳಲ್ಲಿ ಹಿಡಿದು, ಬಿಟ್ಟರು. ಆ ರಿಜಿಸ್ಟರಿನ ಪುಟಗಳಿಗೆ ನಂಬರು ಅಚ್ಚಾಗಿರುತ್ತದೆ, ಹರಿದರೆ ಗೊತ್ತಾಗುತ್ತದೆ. "ಸೂಜಿ ಡ್ರಾಯರ್ ಬೀಗದ ಕೈ ಕೊಟ್ಟು ಹೋಗಿ," ಎಂದರು. ಕೊಟ್ಟೆ. ಇ.ಎಸ್.ಐ. ವರದಿಯ ಮಾತು ಎತ್ತಿದರೆ, ಗುರುವಾರ ಮುಗಿಯಲಿ ಎಂದರು.

ನಾನು ಬರೆದದ್ದು ಬೇರೆ ಯಾವ ಪುಸ್ತಕದಲ್ಲಿದ್ದರೂ ಧೂಳು ತಿನ್ನುತ್ತಿತ್ತು. ಹಾಜರಿ, ಓವರ್‌ಟೈಮ್, ದೂರು ಪೆಟ್ಟಿಗೆ, ಎಲ್ಲದಕ್ಕೂ ಪುಸ್ತಕಗಳಿದ್ದವು, ತಪಾಸಣೆಯವರು ಮೇಲೆ ಮೇಲೆ ನೋಡಿ ಮುಚ್ಚುತ್ತಿದ್ದರು. ಮುರಿದ ಸೂಜಿಯ ರಿಜಿಸ್ಟರನ್ನು ಮಾತ್ರ ಒಂದೊಂದೇ ಪುಟ ತಿರುವಿ ಓದುತ್ತಿದ್ದರು. ಶರ್ಟು ಕೊಳ್ಳುವವರ ಕಣ್ಣು ನಿಜವಾಗಿ ಬೀಳುತ್ತಿದ್ದ ಜಾಗ ಅದೊಂದೇ.

ಅವಳು ಬುಧವಾರ ತಾನೇ ಸಾಲ ಸೋಲ ಮಾಡಿಕೊಂಡು ಅಕ್ಕನ ಜೊತೆ ಮೈಸೂರಿಗೆ ಹೋದಳು. ಕಾರ್ಖಾನೆಯ ಕಾಗದ ಇಲ್ಲದ್ದಕ್ಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡುವುದರಲ್ಲೇ ಆ ದಿನ ಹೋಯಿತು.

ಗುರುವಾರ ತಪಾಸಣೆಯ ಮೇಡಂ ಬೆಂಗಳೂರಿನಿಂದ ಬಂದರು. ಆ ಪುಟಕ್ಕೆ ಬಂದಾಗ ನನ್ನನ್ನು ಕರೆಸಿದರು. ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದರು.

"ಕೆಂಪಿನಲ್ಲಿ ಬರೆದವರು ನೀವಾ?"

"ಹೌದು ಮೇಡಂ."

"ಅಂದ್ರೆ ಆ ಚೂರು ಶರ್ಟಿನಲ್ಲಿ ಇಲ್ಲ. ಖಂಡಿತ ತಾನೇ?"

"ಇಲ್ಲ ಮೇಡಂ. ಬೆರಳಲ್ಲಿದೆ."

"ಸದ್ಯ," ಎಂದರು. ತಮ್ಮ ಫಾರಂನಲ್ಲಿ ಕೊಳ್ಳುವವರಿಗೆ ಅಪಾಯವಿಲ್ಲ ಎಂಬ ಚೌಕದೊಳಗೆ ಗುರುತು ಹಾಕಿದರು.

ನನಗೆ ರೇಗಿತು. ಯಾರ ಮೇಲೆ ಎಂದು ತಿಳಿಯದಷ್ಟು ರೇಗಿತು. "ಆ ಶರ್ಟ್ ಒಲ್ದಿದ್ದು ಅದೇ ಬೆರಳು ಮೇಡಂ," ಎಂದೆ.

ಅವರ ಪೆನ್ನು ನಿಂತಿತು. ತಾವೇ ಆಡಿದ ಮಾತು ಆಗ ಅವರಿಗೆ ಕೇಳಿಸಿರಬೇಕು, ಮುಖ ಸಣ್ಣದಾಯಿತು. ಆಯಮ್ಮ ಈಗ ಎಲ್ಲಿದ್ದಾರೆ ಎಂದು ಕೇಳಿದರು. ಹೇಳಿದೆ. ತಡೆಯ ವಿಷಯ ಕೇಳಿದರು, ಅದನ್ನೂ ಹೇಳಿದೆ. ಮೂರು ಸೂಜಿಯ ಪದ್ಧತಿಯನ್ನೂ, ಡಬ್ಬಿಯನ್ನೂ ಹೇಳಿದೆ. ಅವರು ತಮ್ಮ ಫಾರಂ ಅನ್ನು ಹಿಂದೆ ಮುಂದೆ ತಿರುಗಿಸಿ, "ಇದನ್ನ ಬರೆಯೋಕೆ ಇದರಲ್ಲಿ ಜಾಗನೇ ಇಲ್ಲ," ಎಂದರು.

"ಶರ್ಟ್ ತಗಳ್ಳೋರು ಇದ್ನೆಲ್ಲ ಕೇಳಲ್ವಾ ಮೇಡಂ?"

"ಸೂಜಿ ಬಗ್ಗೆ ಕೇಳಿದ್ರು. ಅವರು ಕೇಳಿದ್ದಕ್ಕೇ ಈ ರಿಜಿಸ್ಟರ್ ಬಂದಿದ್ದು. ಬೆರಳ ಬಗ್ಗೆ ನನ್ನ ಹತ್ರ ಇದುವರೆಗೆ ಯಾರೂ ಕೇಳಿಲ್ಲ," ಎಂದರು. ಆಮೇಲೆ ಗುರುತು ಹಾಕಿದ ಚೌಕದ ಪಕ್ಕದ ಖಾಲಿ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆಯುತ್ತಾ ಹೋದರು. ಅಂಚು ಸಾಲದೆ ಹಾಳೆಯ ಹಿಂಬದಿಗೂ ಬರೆದರು. ಅದರ ಕೆಳಗೆ ಮ್ಯಾನೇಜರರ ಸಹಿಯನ್ನೂ ಹಾಕಿಸಿಕೊಂಡರು. ಒಂದು ಗಂಟೆಯೊಳಗೆ ಅಪಘಾತದ ವರದಿ ಟೈಪಾಗಿ ಹೊರಟಿತು.

ಮೇಡಂ ಹೇಳಿದ ಆ ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಕೇಳಿದ್ದಕ್ಕೇ ಬಂದಿದ್ದು. ದೂರದವರನ್ನು ದೂರುವುದು ಸುಲಭ. ನಾನೇ ಕೊಳ್ಳೇಗಾಲದ ಅಂಗಡಿಯಲ್ಲಿ ಅಂಗಿ ಕೊಳ್ಳುವಾಗ ಹೊಲಿಗೆ ಹಿಡಿದು ಜಗ್ಗುತ್ತೇನೆ, ಬಣ್ಣ ಬಿಡುತ್ತದೆಯೇ ಎಂದು ಕೇಳುತ್ತೇನೆ, ಇಪ್ಪತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುತ್ತೇನೆ. ಹುಟ್ಟಿದಾಗಿನಿಂದ ಮಿಷನ್ನುಗಳ ನಡುವೆಯೇ ಇರುವ ನಾನು ಒಂದು ದಿನವೂ ಇದನ್ನು ಹೊಲಿದವರು ಹೇಗಿದ್ದಾರೆ ಎಂದು ಕೇಳಿಲ್ಲ. ಈಗ ಒಮ್ಮೊಮ್ಮೆ ಕೇಳುತ್ತೇನೆ. ಅಂಗಡಿಯವನು ನನ್ನನ್ನು ಅರೆಹುಚ್ಚನಂತೆ ನೋಡಿ, "ಅದೆಲ್ಲ ನಮ್ಗೇನ್ ಗೊತ್ತು ಸಾ, ಬೇಕಾದ್ರೆ ತಗಳಿ" ಎನ್ನುತ್ತಾನೆ. ಬೇಕಾಗಿರುತ್ತದೆ, ತಗೊಳ್ಳುತ್ತೇನೆ. ಆದರೂ ಕೇಳುವುದನ್ನು ಬಿಟ್ಟಿಲ್ಲ.

ಶುಕ್ರವಾರ ಮೈಸೂರಿನಲ್ಲಿ ಮೊನೆ ತೆಗೆದರು. ಆದರೆ ಕೀವು ಮೂಳೆಯನ್ನು ತಿಂದಿತ್ತು. ಮೇಲಿನ ಗೆಣ್ಣಿನವರೆಗೆ ಬೆರಳನ್ನು ತೆಗೆಯಬೇಕಾಯಿತು. ಚುಚ್ಚಿದ ದಿನವೇ ಬಂದಿದ್ದರೆ ಒಂದು ಸಣ್ಣ ಗಾಯದಲ್ಲಿ ಮುಗಿಯುತ್ತಿತ್ತಂತೆ. ಅವಳ ಅಕ್ಕ ಫೋನಿನಲ್ಲಿ ಇದನ್ನು ಹೇಳುವಾಗ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತೇ ಡ್ರಾಯರ್ ತೆಗೆಸಿ, ಡಬ್ಬಿಯನ್ನು ಮ್ಯಾನೇಜರ್ ಮುಂದೆ ಗುಜರಿಗೆ ಸುರಿದೆ. ಅದರಿಂದ ಯಾರ ಬೆರಳೂ ಬೆಳೆಯಲಿಲ್ಲ.

ನನ್ನನ್ನು ಹದಿನೈದು ದಿನ ಹೊರಗಿಟ್ಟರು. ಮತ್ತೆ ಸೇರಿಸಿಕೊಂಡಾಗ ಸೂಜಿಯ ಜವಾಬ್ದಾರಿ ಬೇರೆಯವನಿಗೆ ಹೋಗಿತ್ತು, ನನಗೆ ಮಿಷನ್ ರಿಪೇರಿ ಮಾತ್ರ. ಎಲ್ಲ ಮಿಷನ್ನುಗಳಿಗೂ ತಡೆ ಹಾಕಿಸಿದರು, ತಪಾಸಣೆ ಮುಗಿದ ಮೇಲೂ ಬಿಚ್ಚಿಸಲಿಲ್ಲ. ಮೂರು ಸೂಜಿಯ ಮಾತನ್ನು ಇನ್‌ಚಾರ್ಜ್ ಆಮೇಲೆ ಆಡಲಿಲ್ಲ, ನನ್ನ ಜೊತೆಯೂ ಮಾತಾಡಲಿಲ್ಲ.

ಎರಡು ತಿಂಗಳ ಮೇಲೆ ರಾಮಾಪುರದಾಕೆ ಬಂದಳು. ಗಾಯ ಕೆಲಸದಲ್ಲಿ ಆದದ್ದು ಎಂದು ಬರಹದಲ್ಲಿ ಇದ್ದುದರಿಂದ ಅವಳನ್ನು ಬೇಡ ಎನ್ನುವಂತಿರಲಿಲ್ಲ. ಹದಿನೇಳನೇ ಮಿಷನ್ನೇ ಸಿಕ್ಕಿತು. ಮೊದಲ ದಿನ ಬಟ್ಟೆ ಅವಳ ಹತೋಟಿಗೆ ಬರುತ್ತಿರಲಿಲ್ಲ. ತೋರುಬೆರಳು ಮಾಡುತ್ತಿದ್ದ ಕೆಲಸವನ್ನು ನಡುಬೆರಳಿಗೆ ಕಲಿಸುತ್ತಿದ್ದಳು. ಹೊಲಿಯುವುದು, ಬಿಚ್ಚುವುದು, ಮತ್ತೆ ಹೊಲಿಯುವುದು. ಪೆಡಲ್ ಸರಿ ಮಾಡುವ ನೆವದಲ್ಲಿ ಹತ್ತಿರ ಹೋದೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಒಂದೇ ಮಾತು.

"ತಪ್ಪಾಯ್ತು ಕಣವ್ವ."

ಅವಳು ಕಫ್ಫನ್ನು ಸೂಜಿಯ ಕೆಳಗಿನಿಂದ ತೆಗೆದು ಪಕ್ಕಕ್ಕಿಟ್ಟಳು.

"ನೀ ಕೆಳಕ್ಕ ಬರ್ದೆ. ಅದ್ಕೇ ನಾ ಈ ಮಿಷಿನ್ ಮುಂದ ಕುಂತಿವ್ನಿ. ಅದ ಮರಿಯಲ್ಲ. ಆದ್ರ ಆವತ್ತು ಎಲ್ರೂ ಸೇರ್ಕಂಡು ಒಂದೊಂದ್ ಶರ್ಟೂ ಕೊಡ್ವಿ ಕೊಡ್ವಿ ನೋಡುದ್ರಿ. ನಿನ್ ಕೈ ಎಲ್ಲಿ ತೋರ್ಸು ಅಂತ ಒಬ್ರೂ ಕೇಳ್ನಿಲ್ಲ." ಕಫ್ಫಿನಿಂದ ಬಿಚ್ಚಿದ ದಾರವನ್ನು ಕಿತ್ತು ಕೆಳಗೆ ಹಾಕಿದಳು. "ಕೇಳಿದ್ರ ತೋರುಸ್ತಿದ್ದೆ ಕಣಣ್ಣ."

"ಈಗ ತೋರ್ಸವ್ವ," ಎಂದೆ.

ಅವಳು ಎಡಗೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಮಿಷನ್ನಿನ ಹಲಗೆಯ ಮೇಲೆ ಇಟ್ಟಳು. ಲೈನು ಓಡುತ್ತಲೇ ಇತ್ತು. ಅಕ್ಕಪಕ್ಕದವರು ನೋಡುತ್ತಿದ್ದರು. ನಾನು ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದು ಒಂದೊಂದೇ ಬೆರಳು ನೋಡಿದೆ.